ಗೋಡೆಯೊಳಗಿನ ಆನಾ, ಕೆರೆಯೊಳಗಿನ ಭಾಗೀರಥಿ

ಪತ್ರ: ರುಮೇನಿಯಾದ ಹಳೇ ಚರ್ಚೊಂದರ ಫೋಟೊ ಹಾಕಿ, ‘ಇದರ ಗೋಡೆಯಲ್ಲಿ ಗರ್ಭಿಣಿಯೊಬ್ಬಳನ್ನು ಜೀವಂತ ಇಟ್ಟು ಕಟ್ಟಿದರಂತೆ’ ಎಂದು ಒಂದು ಸಾಲು ಬರೆದು ಸುಮ್ಮನಾಗಿದ್ದೀರಿ. ಇದು ನಿಜವೇ? ಕಟ್ಟಿಸಿದ ರಾಜ ಯಾರು? ನನಗೆ ನಮ್ಮ ‘ಕೆರೆಗೆ ಹಾರ’ ನೆನಪಾಯಿತು. — ಓದುಗರೊಬ್ಬರು, ಧಾರವಾಡ

ಉತ್ತರ: ಒಂದೇ ಸಾಲಿಗೆ ಮುಗಿಸಿದ್ದು ನಮ್ಮದೇ ತಪ್ಪು. ಮೊದಲು ರಾಜನ ವಿಷಯ ಹೇಳಿಬಿಡುತ್ತೇನೆ.

ಕಟ್ಟಿಸಿದವನು ನೆಯಾಗೊಯೆ ಬಸರಬ್. 1512ರಿಂದ 1521ರವರೆಗೆ ವಲಾಕಿಯಾವನ್ನು ಆಳಿದವನು. ಕಾರ್ಪೇಥಿಯನ್ ಬೆಟ್ಟಸಾಲಿಗೂ ಡ್ಯಾನ್ಯೂಬ್ ನದಿಗೂ ನಡುವಿನ ಈ ಸೀಮೆ ಆಗ ಒಂದು ಪ್ರತ್ಯೇಕ ಸಂಸ್ಥಾನ. 1330ರಲ್ಲಿ ಪೊಸಾದಾ ಎಂಬಲ್ಲಿ ಒಂದನೇ ಬಸರಬ್ ಹಂಗೇರಿ ದೊರೆಯ ಸೈನ್ಯವನ್ನು ಸೋಲಿಸಿದ ಮೇಲೆ ಅದು ತನ್ನ ಕಾಲ ಮೇಲೆ ನಿಂತಿತು. ಆಮೇಲೆ ತುರ್ಕರಿಗೆ ಕಪ್ಪ ಕಟ್ಟಬೇಕಾಯಿತು, ಆದರೂ ದೊರೆ ಮತ್ತು ಧರ್ಮ ತಮ್ಮದೇ ಉಳಿದವು. ಡ್ರಾಕುಲಾ ಹೆಸರಿನ ಮೂಲಪುರುಷ ವ್ಲಾದ್ ಕೂಡ ಇಲ್ಲಿಯವನೇ. ಅವನಿಗೆ ಸಿಕ್ಕ ಪ್ರಚಾರವೇ ಜಾಸ್ತಿಯಾಗಿದೆ, ಇಲ್ಲಿ ಬೇಡ.

ಕುರ್ತೆಯಾ ದೆ ಆರ್ಜೆಶ್ ಈ ಸಂಸ್ಥಾನದ ಹಳೇ ರಾಜಧಾನಿಗಳಲ್ಲಿ ಒಂದು. ಅಲ್ಲಿ ನೆಯಾಗೊಯೆ ಕಟ್ಟಿಸಿದ ಆರ್ಥೊಡಾಕ್ಸ್ ಚರ್ಚಿನ ಪ್ರತಿಷ್ಠೆ ನಡೆದದ್ದು 1517ರ ಆಗಸ್ಟ್ 15ರಂದು. ಕಾನ್‌ಸ್ಟಾಂಟಿನೋಪಲ್‌ನ ಧರ್ಮಗುರುವೇ ಬಂದಿದ್ದರು. ಮುಂದಿನ ಎರಡು ಚಿಕ್ಕ ಗೋಪುರಗಳ ಕಿಟಕಿಗಳು ನೇರವಾಗಿಲ್ಲ, ತಿರುಚಿದ ಹಗ್ಗದ ಹಾಗೆ ಓರೆಯಾಗಿ ಮೇಲೇರುತ್ತವೆ. ಫೋಟೊ ನೋಡಿದರೆ ಗೋಪುರವೇ ವಾಲಿದಂತೆ ಕಾಣುತ್ತದೆ, ಅಲ್ವಾ? ಒಳಗಿನ ಚಿತ್ರಗಳು ಮುಗಿಯುವ ಮೊದಲೇ ರಾಜ ತೀರಿಕೊಂಡ. 1526ರಲ್ಲಿ ಅವನ್ನು ಪೂರ್ತಿ ಮಾಡಿಸಿದ್ದು ಅವನ ಅಳಿಯ. ಈಗ ಕಾಣುವ ರೂಪಕ್ಕೆ ಮಾತ್ರ 19ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿಯೊಬ್ಬನ ಜೀರ್ಣೋದ್ಧಾರದ ಪಾಲೂ ಸಾಕಷ್ಟಿದೆ.

ಈಗ ಕತೆಗೆ ಬರೋಣ. ಅದನ್ನು ಹೇಳುವುದು ರುಮೇನಿಯಾದ ಒಂದು ಜನಪದ ಹಾಡು. ಹಾಡಿನಲ್ಲಿ ಚರ್ಚು ಕಟ್ಟಿಸುವವನು ನೆಯಾಗೊಯೆ ಅಲ್ಲ, ನೆಗ್ರು ವೋಡಾ ಎಂಬ ದಂತಕತೆಯ ದೊರೆ. ಒಂಬತ್ತು ಮೇಸ್ತ್ರಿಗಳು, ಅವರ ಮೇಲೆ ಹತ್ತನೆಯವನು ಮನೋಲೆ. ಹಗಲು ಕಟ್ಟಿದ್ದು ರಾತ್ರಿ ಕುಸಿಯುತ್ತದೆ. ಬೆಳಗ್ಗೆ ಬುತ್ತಿ ಹೊತ್ತು ಮೊದಲು ಬರುವ ಹೆಂಡತಿಯನ್ನೋ ತಂಗಿಯನ್ನೋ ಗೋಡೆಗೆ ಕೊಡಬೇಕೆಂದು ಮನೋಲೆಗೆ ಕನಸು ಬೀಳುತ್ತದೆ. ಬಂದವಳು ಅವನದೇ ಹೆಂಡತಿ ಆನಾ. ಅವಳನ್ನು ತಡೆಯಲು ಮಳೆ ಬೇಡುತ್ತಾನೆ, ಗಾಳಿ ಬೇಡುತ್ತಾನೆ. ಎರಡೂ ಬರುತ್ತವೆ, ಅವಳೂ ಬರುತ್ತಾಳೆ.

ಇದು ನಡೆದದ್ದೇ ಎಂದರೆ, ಇಲ್ಲ ಎನ್ನುವುದೇ ಸರಿ. ಇದೇ ಕತೆ ಗ್ರೀಸಿನಲ್ಲಿ ಆರ್ತಾ ಊರಿನ ಸೇತುವೆಗೆ, ಸರ್ಬಿಯನ್ನರ ಹಾಡಿನಲ್ಲಿ ಸ್ಕಾದರ್ ಕೋಟೆಗೆ ಅಂಟಿಕೊಂಡಿದೆ. ಊರೂರು ಸುತ್ತುವ ಕತೆ ಇಲ್ಲಿ ಒಂದು ಒಳ್ಳೇ ಕಟ್ಟಡ ಕಂಡು ಬೀಡುಬಿಟ್ಟಿದೆ, ಅಷ್ಟೆ.

ನಿಮಗೆ ಭಾಗೀರಥಿ ನೆನಪಾದದ್ದು ಸುಮ್ನೆ ಅಲ್ಲ. ಬಲಿಯ ಈ ಕತೆಗಳನ್ನು ಯುರೋಪಿನವೂ ಭಾರತದವೂ ಸೇರಿಸಿ ಜಾನಪದ ವಿದ್ವಾಂಸರು ಹೋಲಿಸಿ ನೋಡಿದ್ದಾರೆ. ನೀರು ಭಾಗೀರಥಿಯ ಪಾದಕ್ಕೆ, ನಡುವಿಗೆ, ಎದೆಗೆ ಏರುವ ಹಾಗೆಯೇ ಗೋಡೆ ಆನಾಳ ಪಾದದಿಂದ ಮೇಲೇರುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ವ್ಯತ್ಯಾಸ. ಆನಾ ಮೊದಲಿಗೆ ಇದು ಆಟ ಎಂದುಕೊಂಡು ನಗುತ್ತಾಳೆ. ಭಾಗೀರಥಿಗೆ ಎಲ್ಲ ಗೊತ್ತು. ತವರಿಗೆ ಹೋಗಿ ಬರುತ್ತಾಳೆ, ಗೆಳತಿಗೆ ಹೇಳಿಕೊಳ್ಳುತ್ತಾಳೆ, ಮರೆತ ಬಂಗಾರದ ಬಟ್ಟಲು ತರಲು ತಾನೇ ಇಳಿಯುತ್ತಾಳೆ. ಅಲ್ಲಿ ಗಂಡನೇ ಗೋಡೆ ಕಟ್ಟುತ್ತಾನೆ. ಇಲ್ಲಿ ಗಂಡ ದಂಡಿನಲ್ಲಿದ್ದಾನೆ, ಕೊಟ್ಟವರು ಮನೆಯ ಹಿರಿಯರು. ನನ್ನ ಮಟ್ಟಿಗೆ ನಮ್ಮ ಹಾಡೇ ಹೆಚ್ಚು ಸುಡುತ್ತದೆ.

ಗಂಡಂದಿರ ಪಾಡು ಮಾತ್ರ ಎರಡೂ ಕಡೆ ಒಂದೇ. ದಂಡಿನಿಂದ ಬಂದ ಮಾದೇವರಾಯ ಕೆರೆಗೆ ಹಾರುತ್ತಾನೆ. ಅತ್ತ, ಮೇಸ್ತ್ರಿಗಳು ಇಂಥದೇ ಇನ್ನೊಂದು ಚರ್ಚನ್ನು ಬೇರೆಯವರಿಗೆ ಕಟ್ಟಿಕೊಟ್ಟಾರು ಎಂದು ದೊರೆ ಏಣಿ ತೆಗೆಸಿದಾಗ ಮನೋಲೆ ಮರದ ಹಲಗೆಗಳ ರೆಕ್ಕೆ ಕಟ್ಟಿಕೊಂಡು ಚಾವಣಿಯಿಂದ ಹಾರುತ್ತಾನೆ. ಅವನು ಬಿದ್ದಲ್ಲಿ ನೀರಿನ ಬುಗ್ಗೆ ಎದ್ದಿತಂತೆ. ಚರ್ಚಿನ ಹತ್ತಿರ ಅವನ ಹೆಸರಿನ ಬುಗ್ಗೆಯನ್ನು ಈಗಲೂ ತೋರಿಸುತ್ತಾರೆ.