ಮೆಣಸಿನ ಬೀಜಕ್ಕೆ ಮೊದಲು ಶಾಖ, ಸಸಿಗೆ ಆಮೇಲೆ ಬೆಳಕು

ಪ್ರಶ್ನೆ: ಸರ್, ನಮಸ್ಕಾರ. ನಾವು ಬೆಳಗಾವಿ ಜಿಲ್ಲೆಯ ಸಂಕೇಶ್ವರದವರು. ಮಗ ಕೆನಡಾದ ಕ್ಯಾಲ್ಗರಿಯಲ್ಲಿ ಕೆಲಸದಲ್ಲಿದ್ದಾನೆ. ರೊಟ್ಟಿಯ ಜೊತೆ ರಂಜಕ (ಕೆಂಪು ಮೆಣಸಿನಕಾಯಿಯ ಚಟ್ನಿ) ಇಲ್ಲದಿದ್ದರೆ ಊಟ ಸೇರುವುದಿಲ್ಲ ಎಂದು ಹಣ್ಣು ಮೆಣಸಿನಕಾಯಿಯನ್ನು ತಾನೇ ಬೆಳೆಯಲು ಹೊರಟಿದ್ದಾನೆ. ಜನವರಿ ಮೊದಲ ವಾರದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಸಣ್ಣ ಕುಂಡಗಳಲ್ಲಿ ಬೀಜ ಹಾಕಿದ. ಮೂರು ವಾರವಾದರೂ ಹೆಚ್ಚಿನವು ಮೊಳೆಯಲಿಲ್ಲ. ಮೊಳೆತ ನಾಲ್ಕಾರು ಸಸಿಗಳು ದಾರದಂತೆ ಉದ್ದ ಬೆಳೆದು ಬುಡದಲ್ಲಿ ಮುರಿದು ಬಿದ್ದವು. ನಮ್ಮ ಹೊಲದಲ್ಲಿ ಮಡಿ ಮಾಡಿ ಬೀಜ ಚೆಲ್ಲಿ ನೀರು ಹಾಕಿದರೆ ಅಗಿ ತಾನಾಗಿ ಏಳುತ್ತದೆ. ಅಲ್ಲಿ ಏನು ತಪ್ಪಾಯಿತು? ಇಲ್ಲಿಂದ ಸಂಕೇಶ್ವರಿ ಬೀಜ ಕಳಿಸಿಕೊಡಲೇ?
— ಒಬ್ಬ ತಾಯಿ, ಸಂಕೇಶ್ವರ

ಉತ್ತರ: ತಾಯಿ, ನಿಮ್ಮ ಮಗನ ಈ ವರ್ಷದ ಬೆಳೆ ಇನ್ನೂ ಕೈತಪ್ಪಿಲ್ಲ. ಅವರು ಬಿತ್ತಿದ್ದೇ ಎರಡು ತಿಂಗಳು ಮುಂಚೆ. ಅಲ್ಲಿ ಸಾಮಾನ್ಯ ಖಾರದ ಮೆಣಸಿನಕಾಯಿಗೆ ಬೀಜ ಹಾಕುವ ಹೊತ್ತು ಮಾರ್ಚ್. ಹಾಗಾಗಿ ಕುಂಡಗಳನ್ನು ತೊಳೆದಿಟ್ಟು ಹೊಸದಾಗಿ ಶುರು ಮಾಡಲಿ.

ನಮ್ಮ ಹೊಲದಲ್ಲಿ ಸೂರ್ಯನೊಬ್ಬನೇ ಶಾಖವನ್ನೂ ಬೆಳಕನ್ನೂ ಒಟ್ಟಿಗೆ ಕೊಡುತ್ತಾನೆ. ಬೀಜ ಯಾವುದನ್ನು ಕೇಳುತ್ತದೆ, ಸಸಿ ಯಾವುದನ್ನು ಕೇಳುತ್ತದೆ ಎಂದು ಬೇರೆ ಮಾಡಿ ನೋಡುವ ಪ್ರಸಂಗವೇ ನಮಗೆ ಬರುವುದಿಲ್ಲ. ಚಳಿ ದೇಶದ ಮನೆಯೊಳಗೆ ಇವೆರಡನ್ನೂ ಬೇರೆ ಬೇರೆಯಾಗಿ ಒದಗಿಸಬೇಕು. ಮೆಣಸಿನ ಬೀಜ ಮೊಳೆಯಲು ಬೆಳಕು ಬೇಕಿಲ್ಲ, ಅದರ ಸುತ್ತಲಿನ ಮಣ್ಣು ಬೆಚ್ಚಗಿದ್ದರೆ ಸಾಕು. ಮೊಳಕೆ ಮೇಲೆ ಬಂದ ದಿನದಿಂದ ಲೆಕ್ಕ ತಿರುವುಮುರುವು: ಅಷ್ಟು ಶಾಖ ಬೇಡ, ಬೆಳಕು ಮಾತ್ರ ಧಾರಾಳವಾಗಿ ಬೇಕು. ಕಿಟಕಿಯ ಕಟ್ಟೆ ಬೀಜಕ್ಕೆ ಶಾಖ ಕೊಡಲಿಲ್ಲ, ಸಸಿಗೆ ಬೆಳಕು ಕೊಡಲಿಲ್ಲ.

ಮೊದಲು ಶಾಖದ ವಿಚಾರ ನೋಡೋಣ. ಮಣ್ಣಿನ ಉಷ್ಣತೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯ ಬೀಜ ಸುಮಾರು 8 ದಿನಕ್ಕೆ ತಲೆ ಎತ್ತುತ್ತದೆ. 20 ಡಿಗ್ರಿಯಲ್ಲಿ 12–13 ದಿನ ಹಿಡಿಯುತ್ತದೆ. 15 ಡಿಗ್ರಿಗೆ ಇಳಿದರೆ 25 ದಿನ. 10 ಡಿಗ್ರಿಯಲ್ಲಿ ಮೊಳೆಯುವುದೇ ಇಲ್ಲ. ಮನೆಯೊಳಗೆ ಹೀಟರ್ ಇದೆ, 20 ಡಿಗ್ರಿ ಇದೆ ಎಂದು ನಿಮ್ಮ ಮಗ ಹೇಳಬಹುದು. ಅದು ಗಾಳಿಯ ಉಷ್ಣತೆ. ಒದ್ದೆ ಮಣ್ಣು ನೀರು ಆರುವಾಗ ತಣ್ಣಗಾಗುತ್ತದೆ, ರಾತ್ರಿ ಕಿಟಕಿಯ ಗಾಜು ಹೊರಗಿನ ಚಳಿಯನ್ನು ಒಳಗೆ ತರುತ್ತದೆ. ಆ ಕಟ್ಟೆಯ ಮೇಲಿನ ಕುಂಡದಲ್ಲಿ 15 ಡಿಗ್ರಿ ಉಳಿದಿದ್ದರೆ ಅದೇ ಹೆಚ್ಚು. ಮೂರು ವಾರ ತಣ್ಣನೆಯ ಕೆಸರಿನಲ್ಲಿ ಕುಳಿತ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಆದ್ದರಿಂದ ಅವರು ಕೊಳ್ಳಬೇಕಾದ ಮೊದಲ ವಸ್ತು ಮಣ್ಣಿನೊಳಗೆ ಚುಚ್ಚಿ ನೋಡುವ ಸಣ್ಣ ಥರ್ಮಾಮೀಟರ್. ಅದಿಲ್ಲದೆ ಮಾಡುವುದೆಲ್ಲ ಊಹೆಯೇ.

ಎರಡನೆಯದು, ಸಸಿ ತಟ್ಟೆಯ ಕೆಳಗೆ ಹಾಸುವ ಹೀಟ್ ಮ್ಯಾಟ್. ಇದು ಮಣ್ಣನ್ನು ಕೋಣೆಗಿಂತ 5ರಿಂದ 10 ಡಿಗ್ರಿ ಹೆಚ್ಚು ಬೆಚ್ಚಗೆ ಇಡುತ್ತದೆ. ಥರ್ಮೋಸ್ಟಾಟ್ ಜೊತೆಗೇ ಕೊಳ್ಳಲಿ, ಅದರ ತಂತಿಯ ತುದಿಯನ್ನು ಮಣ್ಣಿನೊಳಗೆ ಇಟ್ಟು 27–28 ಡಿಗ್ರಿಗೆ ನಿಲ್ಲಿಸಲಿ. 40 ಡಿಗ್ರಿ ಮುಟ್ಟಿದರೂ ಬೀಜ ಮೊಳೆಯುವುದಿಲ್ಲ, ಅದಕ್ಕೇ ಈ ಎಚ್ಚರಿಕೆ. ಮ್ಯಾಟ್ ಕೊಳ್ಳುವುದು ಬೇಡವೆಂದರೆ ನೀವು ಕಾಳು ಮೊಳಕೆ ಕಟ್ಟುವ ವಿಧಾನವನ್ನೇ ಹೇಳಿಕೊಡಿ. ಬೀಜವನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಡಿಲವಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟು, ನೀರು ಕಾಯಿಸುವ ಬಾಯ್ಲರಿನ ಹತ್ತಿರದಂಥ ಬೆಚ್ಚನೆಯ ಜಾಗದಲ್ಲಿ ಇಡಬೇಕು. ದಿನಕ್ಕೊಮ್ಮೆ ಬಿಚ್ಚಿ ನೋಡಿ, ಬಿಳಿ ಬೇರು ಇಣುಕಿದ ಬೀಜವನ್ನು ಎತ್ತಿ ನೆಡಬೇಕು. ಬೇರು ಉದ್ದವಾಗುವವರೆಗೆ ಕಾದರೆ ಅದು ಬಟ್ಟೆಗೆ ಅಂಟಿ ಮುರಿಯುತ್ತದೆ.

ಬಿತ್ತುವ ಮಣ್ಣು ಹೊಲದ ಮಣ್ಣಾಗಬಾರದು. ತೆಂಗಿನ ನಾರಿನ ಪುಡಿ ಅಥವಾ ಪೀಟ್ (ಜೌಗು ನೆಲದ ಪಾಚಿಯ ಪುಡಿ), ಅದಕ್ಕೆ ಸ್ವಲ್ಪ ವರ್ಮಿಕ್ಯುಲೈಟ್ ಇಲ್ಲವೇ ಪರ್ಲೈಟ್ ಎಂಬ ಹಗುರ ಖನಿಜದ ಹರಳು ಸೇರಿಸಿದ ಹಗುರ ಮಿಶ್ರಣ ಬೇಕು. ಬೀಜ ಅರ್ಧ ಸೆಂಟಿಮೀಟರ್ ಆಳದಲ್ಲಿದ್ದರೆ ಸಾಕು. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ಮಾತ್ರ ತೇವ ಇರಲಿ. ಸಸಿಗಳು ಬುಡದಲ್ಲಿ ಮುರಿದು ಬಿದ್ದವು ಎಂದಿರಲ್ಲ, ಅಲ್ಲಿ ಎರಡು ಕೆಡುಕು ಸೇರಿವೆ. ಬೆಳಕು ಸಾಲದೆ ಕಾಂಡ ಉದ್ದವಾಗಿ ತೆಳುವಾಯಿತು. ಅತಿ ತೇವದ ತಣ್ಣನೆಯ ಮಣ್ಣಿನಲ್ಲಿ ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಾಣುಗಳು ಆ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಕೊಳೆಸಿದವು. ನಮ್ಮ ಮಡಿಗಳಲ್ಲೂ ಮಳೆ ಹಿಡಿದಾಗ ಇದೇ ರೋಗ ಸಸಿಗಳನ್ನು ಮಲಗಿಸುತ್ತದೆ. ಒಮ್ಮೆ ಮಲಗಿದ ಸಸಿ ಏಳುವುದಿಲ್ಲ, ತಡೆಯುವುದೊಂದೇ ದಾರಿ. ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಬೇಕು, ಅರ್ಧ ಗಂಟೆಯ ಮೇಲೆ ಉಳಿದ ನೀರನ್ನು ಚೆಲ್ಲಬೇಕು, ಮೇಲ್ಪದರ ಆರಿದ ನಂತರವೇ ಮತ್ತೆ ನೀರು ಕೊಡಬೇಕು. ಸಣ್ಣ ಫ್ಯಾನ್ ದೂರದಿಂದ ಮೆಲ್ಲಗೆ ಗಾಳಿ ಬೀಸುತ್ತಿದ್ದರೆ ಇನ್ನೂ ಒಳ್ಳೆಯದು, ಕಾಂಡವೂ ಗಟ್ಟಿಯಾಗುತ್ತದೆ.

ಇನ್ನು ಬೆಳಕು. ಜನವರಿ ಮೊದಲ ವಾರದಲ್ಲಿ ಬೆಳಗಾವಿಯಲ್ಲಿ ಹಗಲು 11 ಗಂಟೆಗೂ ಹೆಚ್ಚು ಇರುತ್ತದೆ. ಕ್ಯಾಲ್ಗರಿಯಲ್ಲಿ ಸುಮಾರು 8 ಗಂಟೆ, ಅದೂ ಸೂರ್ಯ ತೀರ ಕೆಳಗಿದ್ದು ಓರೆಯಾಗಿ ಬರುವ ಬಿಸಿಲು. ಮಾರ್ಚಿನಲ್ಲಿ ಹಗಲು ಉದ್ದವಾದರೂ ಕಿಟಕಿಯನ್ನು ನಂಬಬೇಡಿ. ಬಿಳಿ ಬೆಳಕಿನ ಎಲ್‌ಇಡಿ ಟ್ಯೂಬ್ ಸಾಕು, ನೇರಳೆ ಬಣ್ಣದ ದುಬಾರಿ ದೀಪಗಳ ಹಿಂದೆ ಹೋಗುವುದು ಬೇಡ. ಟ್ಯೂಬ್ ಸಸಿಯ ತುದಿಯಿಂದ 5ರಿಂದ 10 ಸೆಂಟಿಮೀಟರ್ ಮೇಲೆ ತೂಗಬೇಕು, ಸಸಿ ಬೆಳೆದಂತೆ ಅದೂ ಮೇಲೇರಬೇಕು. ದಿನಕ್ಕೆ 14ರಿಂದ 16 ಗಂಟೆ ಬೆಳಕು, ಉಳಿದ ಹೊತ್ತು ಕತ್ತಲೆ. ಒಂದು ಟೈಮರ್ ಇದ್ದರೆ ಕಚೇರಿಗೆ ಹೋಗುವವರಿಗೆ ಚಿಂತೆಯಿಲ್ಲ. ಮೊದಲ ಮೊಳಕೆ ಕಂಡ ದಿನವೇ ಮುಚ್ಚಳ ತೆಗೆದು ದೀಪ ಹಾಕಬೇಕು. ಬಹಳ ಜನ ಎಡವುವುದು ಇಲ್ಲೇ. ಉಳಿದ ಬೀಜಗಳೂ ಬರಲಿ ಎಂದು ಇನ್ನೆರಡು ದಿನ ಕತ್ತಲಲ್ಲಿ ಬಿಟ್ಟರೆ ಮೊದಲು ಮೊಳೆತವು ಜೋಲುತ್ತವೆ. ಟೊಮೆಟೊ ಸಸಿ ಉದ್ದವಾದರೆ ಆಳವಾಗಿ ನೆಟ್ಟು ಸುಧಾರಿಸಬಹುದು, ಅದರ ಕಾಂಡದಲ್ಲಿ ಸುಲಭವಾಗಿ ಬೇರು ಬರುತ್ತದೆ. ಮೆಣಸಿನ ಗಿಡಕ್ಕೆ ಆ ಗುಣ ಅಷ್ಟಾಗಿ ಇಲ್ಲ.

ಮೊಳೆತ ಮೇಲೆ ಹೀಟ್ ಮ್ಯಾಟ್ ತೆಗೆದು ಹಗಲು 21–24, ರಾತ್ರಿ 17–18 ಡಿಗ್ರಿಯಲ್ಲಿ ಇಟ್ಟರೆ ಸಸಿ ಗಿಡ್ಡವಾಗಿ, ದಪ್ಪ ಕಾಂಡದೊಂದಿಗೆ ಬರುತ್ತದೆ. ಮೊದಲ ಬೀಜದಳಗಳ ನಂತರ ಬರುವ ನಿಜವಾದ ಎಲೆ ಎರಡು ಜೊತೆ ಬಂದಾಗ ಸುಮಾರು 4 ಅಂಗುಲದ ಕುಂಡಕ್ಕೆ ಬದಲಿಸಿ, ಅಲ್ಲಿಂದ ಗೊಬ್ಬರ ಶುರು ಮಾಡಲಿ. ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲು ಭಾಗ ಸಾಕು. ಎಲೆ ನೇರಳೆ ಬಣ್ಣಕ್ಕೆ ತಿರುಗಿದರೆ ಗೊಬ್ಬರ ಸುರಿಯುವ ಮೊದಲು ಥರ್ಮಾಮೀಟರ್ ನೋಡಲಿ. ಬೇರು ತಣ್ಣಗಿದ್ದರೆ ಮಣ್ಣಿನಲ್ಲಿ ಫಾಸ್ಫರಸ್ ಎಂಬ ಪೋಷಕಾಂಶವಿದ್ದರೂ ಗಿಡ ಅದನ್ನು ಹೀರಲಾರದು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಸಂಕೇಶ್ವರಿ ಬೀಜ. ನಿಮ್ಮ ಊರಿನ ಉದ್ದನೆಯ ತೆಳು ಮೆಣಸಿನಕಾಯಿಯ ಖಾರ ನಿಮ್ಮ ಮಗನ ನಾಲಿಗೆಯಲ್ಲಿದೆ, ಅದನ್ನೇ ಬೆಳೆಯುವ ಆಸೆ ಸಹಜ. ಆದರೂ ನಾನು ಬೇಡ ಎನ್ನುತ್ತೇನೆ. ನಮ್ಮ ಮುಂಗಾರಿನ ಮೆಣಸಿನಕಾಯಿಯನ್ನು ಜುಲೈನಲ್ಲಿ ನಾಟಿ ಮಾಡಿದರೆ ಕೆಂಪು ಹಣ್ಣಿನ ಕೊಯ್ಲು ದೀಪಾವಳಿ ಕಳೆದ ಮೇಲೆ, ಸಂಕ್ರಾಂತಿಯವರೆಗೂ ನಡೆಯುತ್ತದೆ. ಬ್ಯಾಡಗಿಯದೂ ಇದೇ ಚಾಳಿ. ಕ್ಯಾಲ್ಗರಿಯಲ್ಲಿ ಮೇ ಕೊನೆಯ ತನಕ ಹಿಮ ಬೀಳುವ ಭಯ, ಸೆಪ್ಟೆಂಬರ್ ನಡುವಿಗೆ ಮತ್ತೆ ಹಿಮ. ನಡುವೆ ಉಳಿಯುವುದು ನಾಲ್ಕು ತಿಂಗಳಿಗೂ ಕಡಿಮೆ. ರಂಜಕಕ್ಕೆ ಹಸಿರು ಕಾಯಿ ಸಾಲದು, ಹಣ್ಣಾಗಬೇಕು. ಬೀಜದ ಪೊಟ್ಟಣದ ಮೇಲೆ 70 ದಿನ ಎಂದಿದ್ದರೆ ಅದು ಸಾಮಾನ್ಯವಾಗಿ ನಾಟಿಯಿಂದ ಹಸಿರು ಕಾಯಿಯವರೆಗಿನ ಲೆಕ್ಕ, ಕೆಂಪಾಗಲು ಮತ್ತೆ ಮೂರು ನಾಲ್ಕು ವಾರ ಬೇಕು. ಜೂನ್ ಮೊದಲ ವಾರ ಹೊರಗಿಟ್ಟರೆ ಸೆಪ್ಟೆಂಬರ್ ಮೊದಲ ವಾರ ಹಣ್ಣು, ಅಲ್ಲಿಗೆ ಚಳಿ ಬಾಗಿಲಲ್ಲಿ ನಿಂತಿರುತ್ತದೆ. ಆದ್ದರಿಂದ ಅಲ್ಲಿನ ಬೀಜದಂಗಡಿಯಲ್ಲೇ ಬೇಗ ಬರುವ ಕೆಯೆನ್ ತಳಿಯನ್ನು ಕೊಳ್ಳಲಿ. ಅದೂ ಉದ್ದ, ತೆಳು, ಸಾಕಷ್ಟು ಖಾರ. ಹಂಗೇರಿಯನ್ ಹಾಟ್ ವ್ಯಾಕ್ಸ್ ತಂಪು ಸೀಮೆಯಲ್ಲಿ ಚೆನ್ನಾಗಿ ಕಾಯಿ ಬಿಡುತ್ತದೆ, ಆದರೆ ಅದರ ಸಿಪ್ಪೆ ದಪ್ಪ, ನೀರು ಹೆಚ್ಚು, ಅದರ ರಂಜಕ ಬಹಳ ದಿನ ಉಳಿಯಲಿಕ್ಕಿಲ್ಲ. ಅಂಚೆಯಲ್ಲಿ ಬೀಜ ಕಳಿಸುವುದಕ್ಕೆ ಇನ್ನೊಂದು ಅಡ್ಡಿಯೂ ಇದೆ. ಟೊಮೆಟೊ ಮತ್ತು ಮೆಣಸಿನ ಬೀಜದ ಮೂಲಕ ಹರಡುವ ಕಂದು ಸುಕ್ಕು ವೈರಸ್ಸಿನ ಕಾರಣ ಹಲವು ದೇಶಗಳು ಈ ಬೀಜಗಳ ಮೇಲೆ ಕಟ್ಟುನಿಟ್ಟಿನ ನಿಯಮ ಮಾಡಿವೆ. ಪತ್ರದ ಲಕೋಟೆಯಲ್ಲಿ ನಾಲ್ಕು ಬೀಜ ಇಟ್ಟು ಕಳಿಸುವ ಕೆಲಸ ದಯವಿಟ್ಟು ಮಾಡಬೇಡಿ.

ಹೊರಗಿಡುವ ಮುನ್ನ ವಾರ ಹತ್ತು ದಿನ ಸಸಿಗೆ ಬಿಸಿಲು ಗಾಳಿ ರೂಢಿ ಮಾಡಿಸಬೇಕು. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ದಿನದಿನಕ್ಕೆ ಹೆಚ್ಚು. ದೀಪದಡಿ ಬೆಳೆದ ಎಲೆ ನೇರ ಬಿಸಿಲಿಗೆ ಒಮ್ಮೆಲೇ ಬಿದ್ದರೆ ಬೆಳ್ಳಗೆ ಸುಟ್ಟುಹೋಗುತ್ತದೆ. ಕ್ಯಾಲ್ಗರಿಯ ದೊಡ್ಡ ತೊಡಕು ಬೇಸಿಗೆಯ ರಾತ್ರಿ: ಜುಲೈನಲ್ಲೂ ಸರಾಸರಿ ಕನಿಷ್ಠ ಉಷ್ಣತೆ 10 ಡಿಗ್ರಿಯ ಆಸುಪಾಸು. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೆ ಹೂ ಕಾಯಿ ಕಟ್ಟದೆ ಉದುರುತ್ತದೆ. ಅದಕ್ಕೆ ನೆಲದಲ್ಲಿ ನೆಡುವುದಕ್ಕಿಂತ 10–12 ಲೀಟರ್ ಹಿಡಿಯುವ ಕಪ್ಪು ಕುಂಡಗಳೇ ಲೇಸು. ಹಗಲು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಒತ್ತಿ ಇಡಲಿ, ಸಂಜೆ ಒಳಗೆ ತರಲಿ. ಆಲಿಕಲ್ಲು ಅಲ್ಲಿ ಬೇಸಿಗೆಯಲ್ಲೇ ಬೀಳುತ್ತದೆ, ಆಗಲೂ ಕುಂಡವನ್ನು ಎತ್ತಿಡಬಹುದು. ಸೆಪ್ಟೆಂಬರಿನಲ್ಲಿ ಬಣ್ಣ ತಿರುಗಲು ಶುರುವಾದ ಕಾಯಿಗಳು ಕುಂಡ ಒಳಗೆ ಬಂದ ಮೇಲೂ ಕೆಂಪಾಗುತ್ತವೆ. ಗಿಡವನ್ನು ಸವರಿ ಚಳಿಗಾಲವೆಲ್ಲ ಒಳಗೇ ಉಳಿಸಿಕೊಂಡರೆ ಮರುವರ್ಷ ತಿಂಗಳು ಮುಂಚೆಯೇ ಹೂ ಬಿಡುತ್ತದೆ.

ಪ್ರಶ್ನೆ: ಬೆಳಗಾವಿಯ ತಿಳಕವಾಡಿಯಲ್ಲಿ ನಮ್ಮ ಮನೆ. ತಾರಸಿಯಲ್ಲಿ ಬೆಳೆಯಲೆಂದು ಈಶಾನ್ಯ ಭಾರತದ ಭೂತ್ ಜೊಲೋಕಿಯಾ ಎಂಬ ಅತಿ ಖಾರದ ಮೆಣಸಿನಕಾಯಿಯ ಬೀಜ ತರಿಸಿ ಡಿಸೆಂಬರಿನಲ್ಲಿ ಹಾಕಿದೆ. ತಿಂಗಳಾದರೂ ಒಂದೂ ಹುಟ್ಟಿಲ್ಲ. ನಮ್ಮದೇನೂ ಹಿಮದ ದೇಶವಲ್ಲವಲ್ಲ?
— ಗೃಹಿಣಿ, ಬೆಳಗಾವಿ

ಉತ್ತರ: ಅಲ್ಲ ಅಕ್ಕ, ಆದರೆ ಡಿಸೆಂಬರ್, ಜನವರಿಯಲ್ಲಿ ಬೆಳಗಾವಿಯ ತಾರಸಿಯ ಮೇಲೆ ರಾತ್ರಿ 13–14 ಡಿಗ್ರಿ ಸಾಮಾನ್ಯ. ಸಣ್ಣ ಕುಂಡದ ಮಣ್ಣು ಬೆಳಗಿನ ಜಾವದ ಹೊತ್ತಿಗೆ ಅಷ್ಟೇ ತಣ್ಣಗಾಗುತ್ತದೆ. ಮನೆ ಬಳಕೆಯ ಮೆಣಸಿನಕಾಯಿ ಹೇಗೋ ತಡೆದುಕೊಂಡು ತಡವಾಗಿ ಹುಟ್ಟುತ್ತದೆ. ಭೂತ್ ಜೊಲೋಕಿಯಾ, ಹಬನೇರೊ ಜಾತಿಯವು ಬೆಚ್ಚಗಿದ್ದರೂ ಎರಡರಿಂದ ಐದು ವಾರ ತೆಗೆದುಕೊಳ್ಳುತ್ತವೆ, ಚಳಿಯಲ್ಲಂತೂ ಕೊಳೆತೇ ಹೋಗುತ್ತವೆ.

ಫೆಬ್ರವರಿ ಮಧ್ಯದಲ್ಲಿ ಮತ್ತೆ ಹಾಕಿ. ಪ್ರೋಟ್ರೇಯನ್ನು (ಸಸಿ ಬೆಳೆಸುವ ಗುಳಿಗಳ ತಟ್ಟೆ) ಹಗಲು ಬಿಸಿಲಿನ ಶಾಖ ತಾಗುವ ಕಡೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಇಡಿ, ಸೂರ್ಯ ಮುಳುಗುವ ಮೊದಲು ಅಡುಗೆಮನೆಗೆ ತನ್ನಿ. ಮಧ್ಯಾಹ್ನ ಹಾಳೆಯೊಳಗೆ ಕಾವು ಮಿತಿಮೀರಿದರೆ ಒಂದು ಬದಿ ಎತ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಗಿಡಕ್ಕೆ ನೆರಳಿನ ಬಲೆ ಬೇಕೇಬೇಕು, ಆಗಿನ ಹೂ ಉದುರಿದರೆ ಕೊರಗಬೇಡಿ. ಈ ಜಾತಿಗೆ ಪ್ರಿಯವಾದದ್ದು ಬೆಚ್ಚನೆಯ ತೇವದ ಗಾಳಿ. ಮಳೆಗಾಲದಲ್ಲಿ ನೇರ ಮಳೆ ತಪ್ಪಿಸಿ ಇಟ್ಟರೆ ಬೆಳಗಾವಿಯ ಹವೆ ವಿಜಯಪುರದ ಒಣ ಹವೆಗಿಂತ ಅದಕ್ಕೆ ಹೆಚ್ಚು ಒಗ್ಗುತ್ತದೆ. ಕಾಯಿ ಮುಟ್ಟುವಾಗ ಕೈಗವಸು ಹಾಕಿ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಕೈಗೆ ಹತ್ತಿದರೆ ಮೊದಲು ಅಡುಗೆ ಎಣ್ಣೆ ಸವರಿ ಆಮೇಲೆ ಸಾಬೂನಿನಿಂದ ತೊಳೆಯಬೇಕು.

ಪ್ರಶ್ನೆ: ಕಳೆದ ವರ್ಷ ಹೈಬ್ರಿಡ್ ಮೆಣಸಿನಕಾಯಿ ಬಹಳ ಚೆನ್ನಾಗಿ ಬಂದಿತ್ತು. ಅದರ ಹಣ್ಣಿನ ಬೀಜವನ್ನೇ ಈ ಸಲ ಮಡಿಗೆ ಹಾಕಬಹುದೇ?
— ರೈತ, ಮುಧೋಳ

ಉತ್ತರ: ಹಾಕಬೇಡಿ. ಹುಟ್ಟುತ್ತವೆ, ಆದರೆ ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ, ಎಕರೆಗಟ್ಟಲೆ ಬೆಳೆಗೆ ಅದು ನಷ್ಟ. ಬೀಜ ಸ್ವಂತದ್ದೇ ಬೇಕೆಂದಿದ್ದರೆ ಹೈಬ್ರಿಡ್ ಅಲ್ಲದ ತಳಿಯನ್ನು ಹಿಡಿಯಿರಿ. ಆಗಲೂ ಜೇನು, ಇತರ ಕೀಟಗಳು ಪಕ್ಕದ ಹೊಲದ ಪರಾಗ ತಂದು ಬೆರಕೆ ಮಾಡುತ್ತವೆ. ರೋಗವಿಲ್ಲದ ನಾಲ್ಕೈದು ಗಿಡ ಆರಿಸಿ, ಹೂ ಅರಳುವ ಮೊದಲೇ ಕೊಂಬೆಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ದಾರದ ಗುರುತು ಹಾಕಿ. ಪೂರ್ತಿ ಕೆಂಪಾದ ಹಣ್ಣಿನ ಬೀಜ ಬಿಡಿಸಿ ನೆರಳಿನಲ್ಲಿ ಒಣಗಿಸಿ. ನಿಮ್ಮ ಮಣ್ಣಿಗೆ ಹೊಂದುವ ತಳಿ ಯಾವುದು ಎಂಬುದನ್ನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕೇಳಿ. ಹೋಗುವಾಗ ಮಣ್ಣು ಪರೀಕ್ಷೆಯ ವರದಿ ಜೊತೆಗಿರಲಿ.