ಪ್ರವಾದಿ ಯೆಹೆಜ್ಕೇಲನು ದರ್ಶನದಲ್ಲಿ ಕಂಡ ದೇವಾಲಯ ಮುಂದೆ ನಿಜವಾಗಿ ಕಟ್ಟಲ್ಪಡುತ್ತದೆಯೇ, ಅಥವಾ ಅದು ಬರೀ ಸಂಕೇತವೇ?

ಈ ಪ್ರಶ್ನೆಗೆ ನಿಮ್ಮ ಬೈಬಲ್ ಅಧ್ಯಯನದ ಗುಂಪು ಎರಡು ಪಾಲಾಗಿದೆ ಎಂದು ಓದಿದಾಗ ನನ್ನ ಥರ್ಮಾಕೋಲ್ ನೆನಪಾಯಿತು.

ಭಾನುವಾರ ಶಾಲೆಯ ಮಕ್ಕಳಿಗೆ ತೋರಿಸಲೆಂದು ಯೆಹೆಜ್ಕೇಲ 40ರಿಂದ 42ರವರೆಗಿನ ಅಳತೆಗಳನ್ನೆಲ್ಲ ಗ್ರಾಫ್ ಹಾಳೆಗೆ ಇಳಿಸಿ ಮಾದರಿ ಕಟ್ಟಲು ಕುಳಿತಿದ್ದೆ. ಅಳತೆಕೋಲು ಆರು ಮೊಳ. ಒಂದೊಂದು ಮೊಳಕ್ಕೂ ಅಂಗೈ ಅಗಲ ಹೆಚ್ಚು. ಹೊರಗೋಡೆಗೆ ಬಂದಾಗ ಸಿಕ್ಕಿಬಿದ್ದೆ. ಹೀಬ್ರೂ ಪಾಠದ ಪ್ರಕಾರ ಒಂದೊಂದು ಬದಿಗೆ 500 ಕೋಲು, ಅಂದರೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಯೆರೂಸಲೇಮಿನ ಈಗಿನ ದೇವಾಲಯದ ಬೆಟ್ಟದ ಮೇಲೆ ಅದು ಹಿಡಿಸುವುದೇ ಇಲ್ಲ. ದೇವರು ಬೆಟ್ಟವನ್ನೇ ಹಿಗ್ಗಿಸುತ್ತಾನೆ ಎಂದು ಹೇಳಿ ಮುಂದೆ ಹೋದೆ.

ಆಗ ಸಭೆಯ ಹಿರಿಯರೊಬ್ಬರು, "ಅಲ್ಲಿ ಪಾಪಪರಿಹಾರದ ಬಲಿಗಳಿವೆಯಲ್ಲಪ್ಪ, ಕ್ಷಮೆಯಾದ ಮೇಲೆ ಪಾಪಕ್ಕಾಗಿ ಬಲಿ ಇನ್ನಿಲ್ಲ ಎನ್ನುವ ಇಬ್ರಿಯ 10:18ನ್ನು ಏನು ಮಾಡುತ್ತೀ?" ಎಂದರು. ಅವು ಕ್ರಿಸ್ತನ ಬಲಿಯ ಸ್ಮರಣೆಗಾಗಿ ಎಂದೆ. "45:17 ಪ್ರಾಯಶ್ಚಿತ್ತಕ್ಕಾಗಿ ಎನ್ನುತ್ತದೆ, ಸ್ಮರಣೆಗೆ ಎನ್ನುವುದಿಲ್ಲ" ಎಂದರು. ಉತ್ತರ ಹೊಳೆಯದೆ, ಎಲ್ಲರೆದುರು ಅವರಿಗೆ ವಿಶ್ವಾಸವೇ ಇಲ್ಲವೆಂದುಬಿಟ್ಟೆ. ಅವರು ಮತ್ತೆ ಆ ಗುಂಪಿಗೆ ಬರಲಿಲ್ಲ.

ನನ್ನ ತಪ್ಪು ನಾಲಗೆಯದು ಮಾತ್ರವಲ್ಲ. ನಾನು ಓದಲು ಶುರುಮಾಡಿದ್ದೇ 40ನೆಯ ಅಧ್ಯಾಯದಿಂದ. 8ರಲ್ಲಿ ಪ್ರವಾದಿಗೆ ಹಳೆಯ ದೇವಾಲಯದೊಳಗೆ ನಡೆಯುವುದನ್ನು ತೋರಿಸಲಾಗುತ್ತದೆ: ಗೋಡೆಯ ಚಿತ್ರಗಳಿಗೆ ಧೂಪ ಹಾಕುವ 70 ಹಿರಿಯರು, ತಮ್ಮೂಜನೆಂಬ ಅನ್ಯದೇವತೆಗಾಗಿ ಅಳುವ ಹೆಂಗಸರು, ಆಲಯಕ್ಕೆ ಬೆನ್ನು ತಿರುಗಿಸಿ ಸೂರ್ಯನಿಗೆ ಅಡ್ಡಬೀಳುವ ಗಂಡಸರು. 10, 11ರಲ್ಲಿ ದೇವರ ತೇಜಸ್ಸು ಹೊಸ್ತಿಲಿಗೆ ಬಂದು, ಪೂರ್ವದ ಬಾಗಿಲಿಗೆ ಸರಿದು, ಕೊನೆಗೆ ಪಟ್ಟಣದ ಮೂಡಲ ಗುಡ್ಡದ ಮೇಲೆ ನಿಲ್ಲುತ್ತದೆ. ಹೊರಟುಹೋದದ್ದನ್ನು ನೋಡದವನಿಗೆ 43ರಲ್ಲಿ ಅದೇ ತೇಜಸ್ಸು ಪೂರ್ವದಿಂದ ಮರಳಿ ಬರುವುದು ಏನು ತಿಳಿದೀತು? ನಾನು ಆ ಬಾಗಿಲಿನ ಅಗಲವನ್ನು ಮಾತ್ರ ಬರೆದುಕೊಂಡಿದ್ದೆ, ಹತ್ತು ಮೊಳ. ಅಳತೆ ಏಕೆ ಎಂಬುದೂ 43:10ರಲ್ಲಿದೆ: ಇಸ್ರಾಯೇಲರು ತಮ್ಮ ಅಪರಾಧಗಳಿಗೆ ನಾಚಿಕೆಪಡಲಿ ಎಂದು. ಯೆರೂಸಲೇಮ್ ಹಾಳಾಗಿ 14 ವರ್ಷ ಕಳೆದಿದ್ದಾಗ ಬಾಬೆಲಿನ ಸೆರೆಯಲ್ಲಿದ್ದವರಿಗೆ ಹೇಳಿದ ಮಾತದು, ಕ್ರಿ.ಪೂ. 573ರ ಸುಮಾರಿಗೆ. ನಾನು ಮಾತ್ರ ನಾಚದೆ ಸ್ಕೇಲು ಹಿಡಿದಿದ್ದೆ.

ಆದ್ದರಿಂದ ಕಟ್ಟಡವೋ ಸಂಕೇತವೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. "ಬರೀ ಸಂಕೇತ" ಎನ್ನುವವರೂ ಒಂಬತ್ತು ಅಧ್ಯಾಯ ಓದುವ ಶ್ರಮ ತಪ್ಪಿಸಿಕೊಳ್ಳುತ್ತಾರೆ. ಯೇಸು ತನ್ನ ದೇಹವನ್ನೇ ದೇವಾಲಯವೆಂದನು (ಯೋಹಾನ 2:21). ಪ್ರಕಟನೆ 21:22ರ ಹೊಸ ಯೆರೂಸಲೇಮಿನಲ್ಲಿ ದೇವಾಲಯವೇ ಇಲ್ಲ, ಆದರೆ ಯೆಹೆಜ್ಕೇಲ 47ರಲ್ಲಿ ದೇವಾಲಯದಿಂದ ಹೊರಡುವ ಹೊಳೆ ಮುಂದಿನ ಅಧ್ಯಾಯದಲ್ಲೇ ಹರಿಯುತ್ತದೆ. ಹೋರಿಗಳ ಬಲಿ ಮತ್ತೆ ನಡೆಯುತ್ತದೆಂದು ನಾನು ಈಗ ಕಾಯುತ್ತಿಲ್ಲ. ಮುಂದಿನ ವಾರ ನಿಮ್ಮ ಗುಂಪಿನಲ್ಲಿ ವಾದ ಬಿಟ್ಟು 8ರಿಂದ 11ರವರೆಗೆ ಗಟ್ಟಿಯಾಗಿ ಓದಿ.

ಎರಡು ವರ್ಷದ ಮೇಲೆ ಕ್ಷಮೆ ಕೇಳಲು ಆ ಹಿರಿಯರ ಮನೆಗೆ ಹೋದೆ. ಕಾಫಿ ಕೊಟ್ಟು, ಮಾದರಿ ಏನಾಯಿತೆಂದು ವಿಚಾರಿಸಿದರು. ಅಟ್ಟದ ಮೇಲಿದೆ ಎಂದೆ. "ಹೊಳೆ ಮಾಡಿದ್ದೆಯೋ?" ಎಂದರು. ಮಾಡಿರಲಿಲ್ಲ, ಅದು ಹಲಗೆಯಲ್ಲಿ ಹಿಡಿಸಿರಲಿಲ್ಲ.