ಚೀಟಿ ಎತ್ತಿ ಕೊಡುವ ಚಿಕಿತ್ಸೆ

ಹೆಸರು ಹಾಕಬೇಡಿ ಎಂದು ಬರೆದ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮಣ್ಣನಿಗೆ 58 ವರ್ಷ. ಬಿ-ಕಣದ ಲಿಂಫೋಮಾ, ಅಂದರೆ ಬಿಳಿ ರಕ್ತಕಣದ ಒಂದು ಬಗೆಯ ಕ್ಯಾನ್ಸರ್, ಅದರಲ್ಲೂ ಬೇಗ ಬೆಳೆಯುವ ಜಾತಿಯದು. ಆರು ಸುತ್ತು ಕೀಮೋ ಮುಗಿದು, ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಎಂದಾಗ ಎಲ್ಲರೂ ನೆಮ್ಮದಿಯಾಗಿದ್ದಿರಿ. ಎಂಟೇ ತಿಂಗಳಿಗೆ ಕುತ್ತಿಗೆಯ ಗಂಟು ಮತ್ತೆ ಕಾಣಿಸಿತು. ಈಗ ಡಾಕ್ಟರು ಹೊಸ ಚಿಕಿತ್ಸೆಯ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಯಾರಿಗೆ ಹೊಸದು, ಯಾರಿಗೆ ಹಳೆಯದು ಅನ್ನೋದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಇದನ್ನು ಕೇಳಿದ್ದೇ ನಿಮ್ಮ ಅತ್ತಿಗೆ, "ನನ್ನ ಗಂಡ ಇಲಿಯಲ್ಲ" ಎಂದು ಎದ್ದು ಹೊರಗೆ ಬಂದರು. ಅತ್ತಿಗೆ ಅಂದಿದ್ದರಲ್ಲಿ ತಪ್ಪೇನು, ಹೊಸದು ಒಳ್ಳೆಯದಾದರೆ ಎಲ್ಲರಿಗೂ ಕೊಡಬಾರದಾ ಅಂತ ಕೇಳಿದ್ದೀರಿ.

ಅತ್ತಿಗೆಯ ಸಿಟ್ಟಿನಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಎರಡನೇ ಪ್ರಶ್ನೆಯ ಬಗ್ಗೆ ಸ್ವಲ್ಪ ತಕರಾರಿದೆ. ಹೊಸದು ಅಂದರೆ ಒಳ್ಳೆಯದು ಎಂದು ನೀವು ಆಗಲೇ ಒಪ್ಪಿಕೊಂಡುಬಿಟ್ಟಿದ್ದೀರಿ. ನಾನು ಡಾಕ್ಟರಲ್ಲ, ಆದರೆ ಈ ಕಾಯಿಲೆಯ ಚರಿತ್ರೆ ಓದಿದವರು ಯಾರೂ ಅಷ್ಟು ಸುಲಭವಾಗಿ ಹಾಗೆ ಒಪ್ಪುವುದಿಲ್ಲ.

ನಾಲ್ಕು ಔಷಧಿ ಸೇರಿಸಿ ಕೊಡುವ 'ಚಾಪ್' ಎಂಬ ಕೀಮೋ ಇದಕ್ಕೆ 1970ರ ದಶಕದಿಂದ ಬಳಕೆಯಲ್ಲಿದೆ. ಆಮೇಲೆ ಇನ್ನೂ ಜಾಸ್ತಿ ಔಷಧಿ ಬೆರೆಸಿದ ಮಿಶ್ರಣಗಳು ಬಂದವು. ಅವನ್ನು ಕೊಟ್ಟು ನೋಡಿದ ಆಸ್ಪತ್ರೆಗಳ ವರದಿಗಳು ಭಾರಿ ಚೆನ್ನಾಗಿದ್ದವು. ಚಾಪ್ ಹಳೆಯದಾಯಿತು ಅಂತಲೇ ಅನೇಕರು ನಂಬಿದರು. ಕೊನೆಗೆ ಅಮೆರಿಕದಲ್ಲಿ ಮೂರು ಹೊಸ ಮಿಶ್ರಣಗಳನ್ನು ಚಾಪ್ ಜೊತೆ ಚೀಟಿ ಎತ್ತಿ ಹೋಲಿಸಿದರು. ಒಟ್ಟು 899 ರೋಗಿಗಳು. 1993ರಲ್ಲಿ ಫಲಿತಾಂಶ ಬಂತು. ಮೂರು ವರ್ಷದ ನಂತರ ಬದುಕಿದ್ದವರು ನಾಲ್ಕೂ ಗುಂಪಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟೇ. ಆದರೆ ಔಷಧಿಯ ವಿಷ ತಾಳದೆ ಸತ್ತವರು ಚಾಪ್‌ನಲ್ಲಿ 100ಕ್ಕೆ 1, ಹೊಸದೊಂದರಲ್ಲಿ 100ಕ್ಕೆ 6. ಚೀಟಿ ಎತ್ತದೆ ಎಲ್ಲರಿಗೂ ಹೊಸದನ್ನೇ ಕೊಡುತ್ತಾ ಹೋಗಿದ್ದರೆ? ಆ ಹೆಚ್ಚಿನ ಸಾವುಗಳು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಗೆದ್ದದ್ದೂ ಇದೆ. ನಿಮ್ಮಣ್ಣನ ಡ್ರಿಪ್‌ನಲ್ಲಿ ಚಾಪ್ ಹಿಂದೆ 'ಆರ್' ಸೇರಿತ್ತಲ್ಲ, ಆ ರಿಟುಕ್ಸಿಮ್ಯಾಬ್ ಹಾಗೆ ಬಂದದ್ದು. 60ರಿಂದ 80 ವಯಸ್ಸಿನ 399 ಜನರ ಟ್ರಯಲ್ ಅದು, 2002ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೆ ಬದುಕಿದ್ದವರು ಚಾಪ್ ಒಂದರಲ್ಲೇ 57%, ರಿಟುಕ್ಸಿಮ್ಯಾಬ್ ಸೇರಿದಾಗ 70%. ಅವತ್ತು ಚೀಟಿಗೆ ಒಪ್ಪಿದ ಆ 399 ಮಂದಿ ಯಾರೋ, ಎಲ್ಲಿಯವರೋ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದರೆ ಹಿಂದಿನ ದಾರಿ ಒಂದೇ ಇತ್ತು: ಬೇರೆ ಕೀಮೋ ಕೊಡುವುದು, ಗೆಡ್ಡೆ ಕರಗಿದರೆ ರೋಗಿಯದ್ದೇ ಕಾಂಡಕೋಶ (ರಕ್ತ ಹುಟ್ಟಿಸುವ ಮೂಲಕಣ) ತೆಗೆದಿಟ್ಟುಕೊಂಡು, ಭಾರಿ ಪ್ರಮಾಣದ ಕೀಮೋ ಮಾಡಿ, ಅದನ್ನು ಮತ್ತೆ ಮೈಗೆ ಕೊಡುವುದು. ಹೊಸ ದಾರಿ ಕಾರ್-ಟಿ. ರೋಗಿಯ ರಕ್ತದಿಂದ ಟಿ-ಕಣ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಬೇರ್ಪಡಿಸಿ, ಲಿಂಫೋಮಾ ಕಣದ ಗುರುತು ಹಿಡಿಯುವ ಹಾಗೆ ಲ್ಯಾಬಿನಲ್ಲಿ ಅದನ್ನು ತಿದ್ದಿ, ವಾರಗಳ ನಂತರ ಮತ್ತೆ ಅದೇ ಮೈಗೆ ಬಿಡುತ್ತಾರೆ. 2021ರ ಡಿಸೆಂಬರಿನಲ್ಲಿ, ಒಂದೇ ವಾರದಲ್ಲಿ, ಇಂಥ ಎರಡು ಟ್ರಯಲ್‌ಗಳು ಪ್ರಕಟವಾದವು. ಜೂಮಾ-7ರಲ್ಲಿ ಕಾಯಿಲೆ ಹತೋಟಿಯಲ್ಲಿದ್ದ ಸಮಯ ಹಳೆ ದಾರಿಯಲ್ಲಿ 2 ತಿಂಗಳು, ಕಾರ್-ಟಿಯಲ್ಲಿ 8.3 ತಿಂಗಳು. ಇದು ಗುಂಪಿನ ನಡುವಿನ ರೋಗಿಯ ಲೆಕ್ಕ, ಕೆಲವರದ್ದು ಬಹಳ ಮುಂದಕ್ಕೆ ಹೋಯಿತು. ನಾಲ್ಕು ವರ್ಷಕ್ಕೆ ಬದುಕಿದ್ದವರು ಕಾರ್-ಟಿಯಲ್ಲಿ ಸುಮಾರು 55%, ಇನ್ನೊಂದರಲ್ಲಿ 46%. ಬೆಲಿಂಡಾ ಟ್ರಯಲ್‌ನಲ್ಲಿ ಇದ್ದದ್ದು ಬೇರೆ ಕಂಪನಿಯ ಕಾರ್-ಟಿ. ಅಲ್ಲಿ ಎರಡೂ ಗುಂಪಿಗೆ 3 ತಿಂಗಳೇ. ಒಂದೇ ಬಗೆಯ ಚಿಕಿತ್ಸೆ, ಒಂದು ಗೆದ್ದಿತು, ಒಂದು ಗೆಲ್ಲಲಿಲ್ಲ. ಮೊದಲೇ ಗೊತ್ತಿದ್ದವರು ಯಾರಿದ್ದರು ಹೇಳಿ?

"ಸುಮ್ನೆ ನೀರು ಚುಚ್ಚಿಬಿಟ್ಟರೆ?" ಎಂಬ ಅತ್ತಿಗೆಯ ಭಯವನ್ನೂ ಬರೆದಿದ್ದೀರಿ. ನಿಜವಾದ ಚಿಕಿತ್ಸೆ ಇರುವ ಇಂಥ ಕಾಯಿಲೆಯಲ್ಲಿ ಬರೀ ನೀರು ಕೊಟ್ಟು ಕೂರಿಸುವುದಿಲ್ಲ. ಚೀಟಿಯಲ್ಲಿ ಹಳೆಯದು ಬಂದವರಿಗೆ ಇವತ್ತಿನ ಒಳ್ಳೆಯ ಚಿಕಿತ್ಸೆಯೇ ಸಿಗಬೇಕು. ಪೊಲ್ಯಾರಿಕ್ಸ್ ಎಂಬ ಟ್ರಯಲ್‌ನಲ್ಲಿ ಹುಸಿ ಔಷಧಿ ಇತ್ತು. ಆದರೆ ಹೇಗೆ? ಅಲ್ಲಿ ಆರ್-ಚಾಪ್‌ನ ವಿನ್‌ಕ್ರಿಸ್ಟಿನ್ ಎಂಬ ಔಷಧಿ ತೆಗೆದು ಪೊಲಾಟುಜುಮ್ಯಾಬ್ ಎಂಬ ಹೊಸದನ್ನು ಹಾಕಿದರು. ಹೊಸದು ಸಿಕ್ಕವರಿಗೆ ವಿನ್‌ಕ್ರಿಸ್ಟಿನ್ ಹೆಸರಿನ ಹುಸಿ ಡ್ರಿಪ್, ಹಳೆಯದು ಸಿಕ್ಕವರಿಗೆ ಪೊಲಾಟುಜುಮ್ಯಾಬ್ ಹೆಸರಿನ ಹುಸಿ ಡ್ರಿಪ್. ಡಾಕ್ಟರಿಗೂ ಯಾವುದು ಯಾವುದೆಂದು ತಿಳಿಯಬಾರದು, ಅಷ್ಟೇ. ಮಿಕ್ಕ ಔಷಧಿ ಎಲ್ಲರಿಗೂ ಅಸಲಿಯೇ. ಕಾರ್-ಟಿಯಲ್ಲಂತೂ ಈ ಮುಚ್ಚುಮರೆ ಇಲ್ಲ, ಯಾರಿಗೆ ಏನು ಬಂತು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಹಾಗಂತ ಕಾರ್-ಟಿ ಸಲೀಸಿನದಲ್ಲ. ಕಣಗಳು ಒಳಗೆ ಹೋಗಿ ಕೆಲಸ ಶುರುಮಾಡಿದಾಗ ಜೋರು ಜ್ವರ ಬರಬಹುದು, ಬಿಪಿ ಇಳಿಯಬಹುದು. ಕೆಲವರಿಗೆ ಮಾತು ತೊದಲುತ್ತದೆ, ಗೊಂದಲವಾಗುತ್ತದೆ. ಇದನ್ನು ಹಿಡಿಯಲು ಎಂಥಾ ಮೆಷಿನ್ ಇಟ್ಟಿರುತ್ತಾರೋ ಅಂದುಕೊಂಡಿದ್ದೆ. ಮಂಚದ ಪಕ್ಕದಲ್ಲಿ ಒಂದು ಹಾಳೆ, ಒಂದು ಪೆನ್ನು! ದಿನಾ ರೋಗಿ ಒಂದು ವಾಕ್ಯ ಬರೆಯಬೇಕು. ಇದು ಯಾವ ತಿಂಗಳು, ಎಲ್ಲಿದ್ದೀರಿ ಎಂದು ಕೇಳುತ್ತಾರೆ. ನೂರರಿಂದ ಹತ್ತತ್ತೇ ಇಳಿಸಿ ಎಣಿಸಲು ಹೇಳುತ್ತಾರೆ. ಒಟ್ಟು ಹತ್ತು ಅಂಕ. ನಿನ್ನೆ ನೆಟ್ಟಗಿದ್ದ ಅಕ್ಷರ ಇವತ್ತು ಸೊಟ್ಟಗಾದರೆ ಓಡೋಡಿ ಬರುತ್ತಾರೆ.

ಇಂಥದ್ದೇ ಟ್ರಯಲ್‌ಗೆ ಸೇರುವಾಗ ನನ್ನ ಸ್ನೇಹಿತರೊಬ್ಬರು ಸಹಿ ಹಾಕಬೇಕಿದ್ದ ಸಮ್ಮತಿ ಪತ್ರವನ್ನು ಜೊತೆಗೆ ಕೂತು ಓದಿದ್ದೆ. ಮೂವತ್ತು ಪುಟಕ್ಕೂ ಜಾಸ್ತಿ. ಅಡ್ಡಪರಿಣಾಮಗಳ ಪಟ್ಟಿ ಬಂದಾಗ ಅವರು ಹಾಳೆ ಮಗುಚಿಟ್ಟು ಕಿಟಕಿ ಕಡೆ ನೋಡುತ್ತಾ ಕೂತರು. ನಾವು ಪೆನ್ಸಿಲ್ ಹಿಡಿದು ಗುರುತು ಹಾಕಿದ್ದು ಬೇರೆ ಕಡೆ. ನೀವೂ ಅಲ್ಲೇ ಹಾಕಿ. ಹಳೆಯದು ಬಂದು ಅದು ಫಲಿಸದಿದ್ದರೆ ಆಮೇಲೆ ಹೊಸದು ಸಿಗುತ್ತಾ? ಜೂಮಾ-7ರಲ್ಲಿ ಹಳೆ ದಾರಿಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಮೇಲೆ ಟ್ರಯಲ್‌ನ ಹೊರಗೆ ಕಾರ್-ಟಿಯಂಥ ಕಣ ಚಿಕಿತ್ಸೆ ಸಿಕ್ಕಿತ್ತು. ಪರೀಕ್ಷೆಗಳ ಖರ್ಚು ಯಾರದ್ದು? ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ? ಎಲ್ಲಕ್ಕಿಂತ ಮುಖ್ಯ, ಇವತ್ತು ಸಹಿ ಹಾಕಿದರೆ ಚಿಕಿತ್ಸೆ ಯಾವ ತಾರೀಖಿಗೆ ಶುರು? ಈ ಜಾತಿಯ ಗೆಡ್ಡೆ ವಾರಗಳಲ್ಲಿ ಬೆಳೆಯುತ್ತದೆ. ಕಾಯುವ ದಿನಗಳಲ್ಲಿ ಅದನ್ನು ತಡೆಯಲು ಏನು ಕೊಡುತ್ತಾರೆ ಅಂತ ಬಿಡದೆ ಕೇಳಿ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು, ಕಾರಣ ಹೇಳಬೇಕಿಲ್ಲ. ಆದರೆ ಮೈಗೆ ಹೋದ ಕಣವನ್ನು ವಾಪಸ್ ತೆಗೆಯಲಾಗುವುದಿಲ್ಲ, ಅದೂ ನೆನಪಿರಲಿ.

ಇನ್ನು ಅತ್ತಿಗೆ. ಕಾರ್-ಟಿ ಆದವರ ಜೊತೆ ಮನೆಯವರೊಬ್ಬರು ಕೆಲವು ವಾರ ಹಗಲೂ ರಾತ್ರಿ ಇರಬೇಕು. ಮಾತು ತೊದಲಿದ್ದು, ಜ್ವರ ಏರಿದ್ದು ಮೊದಲು ಗೊತ್ತಾಗುವುದು ಅವರಿಗೇ. ಅದು ಅತ್ತಿಗೆಯೇ ಆಗಿರುತ್ತಾರೆ, ಅಲ್ವಾ? ಮುಂದಿನ ಸಲ ಅವರನ್ನು ಹೊರಗೆ ಬಿಟ್ಟು ನೀವು ಮೂವರೇ ಮಾತಾಡಬೇಡಿ. ಕುರ್ಚಿ ಎಳೆದು ಕೂರಿಸಿ. ಆ ಇಲಿಯ ಪ್ರಶ್ನೆಯನ್ನು ಅವರು ಡಾಕ್ಟರಿಗೇ ಕೇಳಲಿ.

— ಸಂ.